ಕರಾವಳಿಯಲ್ಲಿ ಕಿರು ಕಾಲ್ನಡಿಗೆ ಪ್ರವಾಸ: ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದ ಪ್ರವಾಸಿಗರಿಗೆ ಮಾಹಿತಿ

ವಿಜಯಪುರ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ನೀರು ಭೀಮಾ, ಡೋಣಿ ಹಾಗೂ ಕೃಷ್ಣಾ ನದಿಗಳ ಮೂಲಕ ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಆದರೆ ಇಲ್ಲಿಯ ಜನರಿಗೆ ಹತ್ತಿರದ ಸಮುದ್ರ ಪಶ್ಚಿಮದ ಅರಬ್ಬೀ ಸಮುದ್ರ. ಸೊಲ್ಲಾಪುರದಿಂದ ಬರುವ ರಾಷ್ಟ್ರೀಯ ಹೆದ್ದಾರಿ 52 ವಿಜಯಪುರವನ್ನು ಹಾದು, ಕೊಲ್ಹಾರದ ಬಳಿ ಕೃಷ್ಣೆಯನ್ನು ದಾಟಿ, ಹುಬ್ಬಳ್ಳಿ ಹಾಗೂ ಯಲ್ಲಾಪುರ ಮಾರ್ಗವಾಗಿ ಅಂಕೋಲಾದಲ್ಲಿ ಕೊನೆಗೊಳ್ಳುತ್ತದೆ. ಅಲ್ಲಿಂದ ಗೋಕರ್ಣಕ್ಕೆ ಸುಮಾರು 25 ಕಿ.ಮೀ. ವಿಜಯಪುರದಿಂದ ಒಟ್ಟು ದೂರ ಸುಮಾರು 350 ಕಿ.ಮೀ. ಆಗುವುದರಿಂದ ಹೋಗಲು ಒಂದು ದಿನ, ನಡೆಯಲು ಒಂದು ದಿನ, ಮರಳಲು ಒಂದು ದಿನ ಎಂದು ಮೂರು ದಿನಗಳನ್ನು ಕಾಯ್ದಿರಿಸಿಕೊಳ್ಳುವುದು ಸೂಕ್ತ.

ಸಿಂದಗಿ ಮತ್ತು ಮುದ್ದೇಬಿಹಾಳ ಪಟ್ಟಣಗಳಿಗೆ ರೈಲು ಸಂಪರ್ಕವಿಲ್ಲ. ಇಂಡಿ ರೋಡ್ ಹಾಗೂ ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳಿಂದ ಗದಗ ಮಾರ್ಗವಾಗಿ ಹುಬ್ಬಳ್ಳಿಯವರೆಗೆ ರೈಲಿನಲ್ಲಿ ಪ್ರಯಾಣಿಸಬಹುದಾದರೂ, ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಇನ್ನೂ ಕಾರ್ಯಗತವಾಗದ ಕಾರಣ ಮುಂದಿನ ಪ್ರಯಾಣಕ್ಕೆ ಬಸ್ಸೇ ಅನುಕೂಲ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದಾಗಿದ್ದು, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿಯನ್ನು ಜೊತೆಗಿಟ್ಟುಕೊಳ್ಳತಕ್ಕದ್ದು.

ಅನುಮತಿಯ ವಿಷಯದಲ್ಲಿ ಅರ್ಜಿದಾರರಲ್ಲಿ ಗೊಂದಲ ಕಂಡುಬರುವುದು ಸಹಜ. ಗೋಕರ್ಣದ ಕಡಲತೀರಗಳು ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಲ್ಲಿಲ್ಲ. ಕಾರವಾರದ ಒಳನಾಡಿನಲ್ಲಿರುವ ಅಣಶಿ ರಾಷ್ಟ್ರೀಯ ಉದ್ಯಾನವು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಭಾಗವಾಗಿ, 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂಬ ಹೆಸರಿನಲ್ಲಿದೆ. ಕಡಲತೀರದ ಜೊತೆಗೆ ಅಣಶಿಯನ್ನೂ ನೋಡಬಯಸುವವರು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಪ್ರಕಾರ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಇಲಾಖೆಯ ಚಾರಣ ಮಾರ್ಗಗಳಿಗೆ 2024ರಲ್ಲಿ ಆರಂಭವಾದ ಅರಣ್ಯ ವಿಹಾರ ಜಾಲತಾಣದಲ್ಲಿ ಮುಂಗಡ ನೋಂದಣಿಗೆ ಅವಕಾಶವಿದೆ. ಯಾವ ಮಾರ್ಗ ತೆರೆದಿದೆ ಎಂಬುದನ್ನು ಅಲ್ಲಿ ಖಚಿತಪಡಿಸಿಕೊಂಡ ನಂತರವೇ ಪ್ರಯಾಣದ ದಿನಾಂಕ ನಿಗದಿಪಡಿಸುವುದು ಒಳಿತು. ಇಷ್ಟು ದೂರ ಬಂದು ತಪಾಸಣಾ ಠಾಣೆಯಿಂದ ಹಿಂದಿರುಗುವುದು ಯಾರಿಗೂ ಬೇಡ.

ಮೊದಲ ಬಾರಿ ಬರುವವರಿಗೆ ಗೋಕರ್ಣದಿಂದ ಕುಡ್ಲೆ, ಓಂ, ಹಾಫ್ ಮೂನ್ ಹಾಗೂ ಪ್ಯಾರಡೈಸ್ ತೀರಗಳವರೆಗಿನ ನಡಿಗೆ ಸಾಕು. ದೂರ ಅಲ್ಪವೆನಿಸಿದರೂ, ಒಂದು ತೀರಕ್ಕೂ ಮತ್ತೊಂದಕ್ಕೂ ನಡುವೆ ಕಲ್ಲುಗುಡ್ಡಗಳನ್ನು ಏರಿ ಇಳಿಯಬೇಕಾಗುತ್ತದೆ. ಕಪ್ಪು ಎರೆಮಣ್ಣಿನ ಬಯಲಿನಲ್ಲಿ ಹತ್ತಾರು ಮೈಲಿ ನಡೆದು ರೂಢಿಯಿರುವವರಿಗೂ ಇಲ್ಲಿಯ ಬೆವರು ಹೊಸದು. ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ದಣಿವು ಬೇಗ ಬರುತ್ತದೆ. ಆದ್ದರಿಂದ ನಸುಕಿನಲ್ಲಿಯೇ ಹೊರಟು, ತಲಾ 2 ಲೀಟರಿಗೆ ಕಡಿಮೆಯಿಲ್ಲದಂತೆ ನೀರು ಒಯ್ಯತಕ್ಕದ್ದು. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಿಂತ ಉತ್ತಮವಾದುದನ್ನು ಸೂಚಿಸುವುದು ಕಷ್ಟ. ಆದರೆ ರೊಟ್ಟಿಯನ್ನು ಬಿಗಿಯಾಗಿ ಮುಚ್ಚಿಡದಿದ್ದಲ್ಲಿ ಅರ್ಧ ದಿನದಲ್ಲಿಯೇ ಮೆತ್ತಗಾಗುತ್ತದೆ.

ಹೊರಡುವ ದಿನವನ್ನು ಆರಿಸುವಾಗ ಪಂಚಾಂಗವನ್ನು ನೋಡುವುದು ಇಲ್ಲಿ ನಿಜಕ್ಕೂ ಉಪಯುಕ್ತ. ಸಮುದ್ರದಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತವಾಗುತ್ತದೆ. ಅವುಗಳ ವೇಳೆ ಪ್ರತಿದಿನ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಅತಿ ಹೆಚ್ಚು. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ, ಅದೇ ರಾತ್ರಿ ಕರಾವಳಿಗೆ ಹೊರಡುವವರು ಇದನ್ನು ಗಮನಿಸಬೇಕು. ಬೆಳಿಗ್ಗೆ ಬಂಡೆಗಳ ಬುಡದಲ್ಲಿ ಒಣ ಮರಳಿನ ಮೇಲೆ ನಡೆದು ಹೋದ ದಾರಿ ಮಧ್ಯಾಹ್ನ ಮರಳುವಾಗ ನೀರಿನಡಿ ಇರಬಹುದು. ಅಂತಹ ಸಂದರ್ಭದಲ್ಲಿ ಅಲೆಗಳ ನಡುವೆ ದಾಟಲು ಯತ್ನಿಸದೆ ಗುಡ್ಡದ ಮೇಲಿನ ದಾರಿಯನ್ನೇ ಹಿಡಿಯತಕ್ಕದ್ದು, ಇಲ್ಲವೇ ನೀರು ಇಳಿಯುವವರೆಗೆ ಕಾಯತಕ್ಕದ್ದು.

ಬಾವಿ, ಕಾಲುವೆ ಅಥವಾ ಆಲಮಟ್ಟಿ ಹಿನ್ನೀರಿನಲ್ಲಿ ಈಜು ಕಲಿತವರು ಸಮುದ್ರವನ್ನು ಹಗುರವಾಗಿ ಪರಿಗಣಿಸುವ ಸಂಭವವಿದೆ. ದಡಕ್ಕೆ ಬಂದ ನೀರು ಕೆಲವೆಡೆ ಕಿರಿದಾದ ಸೆಳವಾಗಿ ಸಮುದ್ರಕ್ಕೆ ಮರಳುತ್ತದೆ. ಎರಡು ಬದಿಗಳಲ್ಲಿ ನೊರೆಯುಕ್ಕುತ್ತಿದ್ದು ನಡುವೆ ಶಾಂತವಾಗಿ ತೋರುವ ಪಟ್ಟಿಯೇ ಬಹುಮಟ್ಟಿಗೆ ಆ ಸೆಳವು, ಮತ್ತು ಹೊಸಬರು ಸುರಕ್ಷಿತವೆಂದು ಇಳಿಯುವುದೂ ಅಲ್ಲಿಯೇ. ಸಿಕ್ಕಿಕೊಂಡಲ್ಲಿ ದಡದತ್ತ ನೇರವಾಗಿ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಬಂದ ಮೇಲೆ ದಡದತ್ತ ತಿರುಗಬೇಕು. ಈಜಲಾಗದಿದ್ದರೆ ತೇಲುತ್ತ ಕೈಯೆತ್ತಿ ಕರೆಯಬೇಕು. ದಡದಲ್ಲಿರುವವರು ಹಗ್ಗ, ಟ್ಯೂಬು, ಖಾಲಿ ಕ್ಯಾನು ಏನಾದರೂ ಎಸೆಯಬೇಕೇ ಹೊರತು ತಾವೂ ಧುಮುಕಬಾರದು. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅವರೂ ಒಳನಾಡಿನ ಮಕ್ಕಳು. ಶಾಲಾ ಪ್ರವಾಸ ಏರ್ಪಡಿಸುವ ಮುಖ್ಯೋಪಾಧ್ಯಾಯರು ಕ್ಷೇತ್ರ ಶಿಕ್ಷಣಾಧಿಕಾರಿಗಳ ಪೂರ್ವಾನುಮತಿ ಪಡೆಯುವುದರ ಜೊತೆಗೆ, ಜೀವರಕ್ಷಕ ಸಿಬ್ಬಂದಿ ಇಲ್ಲದ ತೀರದಲ್ಲಿ ಮಕ್ಕಳನ್ನು ನೀರಿಗಿಳಿಸಕೂಡದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ರವಾಸ ಬೇಡ. ಯಾಂತ್ರೀಕೃತ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವ ಕಾಲವದು. ದಾರಿಯೂ ಅಪಾಯಕಾರಿ: 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಹಾನಿಯಾಯಿತು. ನವೆಂಬರ್‌ನಿಂದ ಫೆಬ್ರುವರಿಯವರೆಗಿನ ಅವಧಿ ಪ್ರಶಸ್ತ. ಆಗಲೂ ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ, ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ನೀಡುವ ಎತ್ತರದ ಅಲೆಗಳ ಎಚ್ಚರಿಕೆಯನ್ನೂ ನೋಡಿಕೊಳ್ಳುವುದು.

ಹೊರಡುವ ಮುನ್ನ ಮನೆಯವರಿಗೆ ಹಾಗೂ ತಂಗುವ ವಸತಿಗೃಹದವರಿಗೆ ನಡೆಯುವ ದಾರಿ ಮತ್ತು ಮರಳುವ ವೇಳೆಯನ್ನು ತಿಳಿಸಿರತಕ್ಕದ್ದು. ತುರ್ತು ಸಂದರ್ಭದಲ್ಲಿ 112, ಆಂಬುಲೆನ್ಸ್‌ಗೆ 108, ಕರಾವಳಿ ಕಾವಲು ಪೊಲೀಸರಿಗೆ 1093 ಸಂಖ್ಯೆಗೆ ಕರೆ ಮಾಡಬಹುದು. ಗುಡ್ಡಗಳ ಮರೆಯಲ್ಲಿ ಮೊಬೈಲ್ ಸಂಪರ್ಕ ಸಿಗದಿದ್ದಲ್ಲಿ ದಿಬ್ಬದ ಮೇಲೇರಿ ಪ್ರಯತ್ನಿಸುವುದು.