ಹಳೆಯ ಗಾಡಿಯನ್ನು ಓದುವ ಬಗೆ

ಮರದ ಚಕ್ರದ ಎತ್ತಿನ ಗಾಡಿಯ ಕಾಲ ಹೆಚ್ಚುಕಡಿಮೆ ಮುಗಿದಿದೆ. ಕೋಲಾರ–ಮುಳಬಾಗಿಲು ಹೆದ್ದಾರಿಯ ದೇವರಾಯಸಮುದ್ರದ ಕಡೆಯೂ ಅಷ್ಟೇ, ರಾಜ್ಯದ ಬೇರೆಡೆಯೂ ಅಷ್ಟೇ. ಮೊದಲು ಟೈರು ಗಾಡಿ ಬಂತು, ಆಮೇಲೆ ಟ್ರ್ಯಾಕ್ಟರು. ಹಳೇ ಚಕ್ರಗಳಲ್ಲಿ ಕೆಲವು ಕೊಟ್ಟಿಗೆ ಸೇರಿವೆ, ಕೆಲವು ಒಲೆಗೆ ಸೌದೆಯಾಗಿವೆ, ಇನ್ನು ಕೆಲವು ರೆಸಾರ್ಟುಗಳ ಅಂಗಳದಲ್ಲಿ ಬಣ್ಣ ಬಳಿಸಿಕೊಂಡು ನಿಂತಿವೆ. ಗಾಡಿ ಎಷ್ಟು ಹಳೆಯದು, ಯಾವ ಮರದ್ದು, ಹೇಗೆ ಮಾಡಿದ್ದು ಎಂಬುದು ಅದರ ಮೈಮೇಲೆಯೇ ಬರೆದಿರುತ್ತದೆ. ಅದನ್ನು ಓದಲು ಬೇಕಾದ ವಿಜ್ಞಾನ ಕಷ್ಟದ್ದಲ್ಲ.

ಹಿಮ ಬೀಳುವ ದೇಶಗಳಲ್ಲಿ ಇಂಥ ಓದು ಒಂದು ಹವ್ಯಾಸವೇ ಆಗಿದೆ. ಅಮೆರಿಕದ ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಲೀಡ್ಸ್ ಆಲೆನ್ 1889ರಲ್ಲಿ ಒಂದು ಜಾರುಬಂಡಿಗೆ ಪೇಟೆಂಟ್ ಪಡೆದರು. ಅದರ ಹೆಸರು ಫ್ಲೆಕ್ಸಿಬಲ್ ಫ್ಲೈಯರ್. ಮುಂದಿನ ಅಡ್ಡಪಟ್ಟಿಯನ್ನು ಎಳೆದರೆ ಕೆಳಗಿನ ಉಕ್ಕಿನ ಪಟ್ಟಿಗಳು ಬಾಗಿ, ಬಂಡಿ ಬೇಕಾದ ಕಡೆಗೆ ತಿರುಗುತ್ತಿತ್ತು. ಇಂದು ಸಂಗ್ರಾಹಕರು ಹಲಗೆಗಳ ಸಂಖ್ಯೆ, ಉಕ್ಕಿನ ಪಟ್ಟಿಯ ಆಕಾರ, ಹದ್ದಿನ ಮುದ್ರೆ ಇವನ್ನೆಲ್ಲ ನೋಡಿ ಅದರ ಕಾಲವನ್ನು ಅಂದಾಜು ಮಾಡುತ್ತಾರೆ. ನಮ್ಮ ಗಾಡಿಗೆ ಮುದ್ರೆಯಿಲ್ಲ, ಕಂಪನಿಯಿಲ್ಲ. ಊರಿನ ಆಚಾರಿ ಮತ್ತು ಕಮ್ಮಾರ ಸೇರಿ ಮಾಡಿದ್ದು. ಆದ್ದರಿಂದ ಅವರ ಉಳಿ, ಬಾಚಿ, ಸುತ್ತಿಗೆಗಳ ಗುರುತನ್ನೇ ನಾವು ಹುಡುಕಬೇಕು.

ಮೊದಲು ಚಕ್ರದ ಕಬ್ಬಿಣದ ಪಟ್ಟಿಯನ್ನು ನೋಡಿ. ಅದನ್ನು ಚಕ್ರಕ್ಕೆ ಹಿಡಿಸಿದ್ದು ಮುಖ್ಯವಾಗಿ ಬೆಂಕಿಯೇ ಹೊರತು ಮೊಳೆಯಲ್ಲ. ಕಮ್ಮಾರ ಪಟ್ಟಿಯನ್ನು ಚಕ್ರದ ಸುತ್ತಳತೆಗಿಂತ ತುಸು ಚಿಕ್ಕದಾಗಿಯೇ ಬಳೆ ಮಾಡುತ್ತಾನೆ. ಅದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾನೆ. ಕಬ್ಬಿಣ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ಚಕ್ರದ ವ್ಯಾಸ 1.5 ಮೀಟರ್ ಎಂದುಕೊಳ್ಳಿ. ಆಗ ಸುತ್ತಳತೆ ಸುಮಾರು 4.7 ಮೀಟರ್. ತಾಪ 500 ಡಿಗ್ರಿ ಏರಿದರೆ ಪಟ್ಟಿ ಸುಮಾರು 28 ಮಿಲಿಮೀಟರ್ ಹಿಗ್ಗುತ್ತದೆ. ಆ ಕ್ಷಣದಲ್ಲಿ ಇಕ್ಕಳದಿಂದ ಎತ್ತಿ ಚಕ್ರದ ಮೇಲೆ ಕೂರಿಸಿ, ಮರ ಹೊತ್ತಿಕೊಳ್ಳುವ ಮೊದಲೇ ನೀರು ಹೊಯ್ಯುತ್ತಾರೆ. ಕುಗ್ಗುವ ಕಬ್ಬಿಣ ಹೊರಸುತ್ತಿನ ಮರದ ತುಂಡುಗಳನ್ನು ಅರೆಗಳ ಮೇಲೂ, ಅರೆಗಳನ್ನು ನಡುವಿನ ಗುಂಬದೊಳಕ್ಕೂ ಒತ್ತುತ್ತದೆ. ಇಡೀ ಚಕ್ರ ಬಿಗಿಯಾಗಿ ಒಂದೇ ತುಂಡಿನಂತಾಗುತ್ತದೆ.

ಆ ಬಳೆಯ ಎರಡು ತುದಿಗಳು ಸೇರಿದ ಜಾಗ ನಮಗೆ ಮುಖ್ಯ. ಅಲ್ಲಿ ತುದಿಗಳು ಒಂದರ ಮೇಲೊಂದು ಕೂತು, ಸುತ್ತಿಗೆ ಏಟಿನಿಂದ ಚಪ್ಪಟೆಯಾಗಿದ್ದರೆ ಅದು ಕುಲುಮೆಯ ಬೆಸುಗೆ. ಉಬ್ಬಿದ ಗೆರೆಯಂಥ ವೆಲ್ಡಿಂಗ್ ಗುರುತು ಇದ್ದರೆ ಪಟ್ಟಿಯನ್ನು ಈಚೆಗೆ ಹಾಕಿದ್ದಾರೆ ಎಂದು ತಿಳಿಯಬೇಕು. ಹಾಗೆಂದು ಚಕ್ರವೂ ಹೊಸದು ಎನ್ನಲಾಗದು. ಪಟ್ಟಿ ಸವೆದಾಗ ಬದಲಾಯಿಸುವುದು ವಾಡಿಕೆ. ಹೀಗಾಗಿ ಒಂದೇ ಗುರುತಿನ ಮೇಲೆ ತೀರ್ಮಾನ ಬೇಡ.

ಮರದ ಮೇಲೂ ಗುರುತುಗಳಿವೆ. ಬಾಚಿಯಿಂದ ಕೆತ್ತಿದ ಮೈಯಲ್ಲಿ ಸಣ್ಣ ಸಣ್ಣ ತಗ್ಗುಗಳು ಕೈಗೆ ಸಿಗುತ್ತವೆ. ಕೈಗರಗಸದ ಗೆರೆ ನೇರವಾಗಿದ್ದರೂ ಅಂತರ ಒಂದೇ ಸಮ ಇರುವುದಿಲ್ಲ. ಸಾಮಿಲ್‌ನ ದುಂಡು ಗರಗಸವಾದರೆ ಕಮಾನಿನಂತೆ ಬಾಗಿದ ಗೆರೆ ಬಿಡುತ್ತದೆ.

ಯಾವ ಮರ ಎಂಬುದನ್ನು ತಿಳಿಯಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಸಾಕು. ಅಡ್ಡಕ್ಕೆ ಕತ್ತರಿಸಿದ ತುದಿಯನ್ನು ಚೂಪಾದ ಬ್ಲೇಡಿನಿಂದ ನಯ ಮಾಡಿ ನೋಡಿ. ತೇಗದಲ್ಲಿ ದೊಡ್ಡ ರಂಧ್ರಗಳು ವರ್ಷದ ಉಂಗುರದ ಉದ್ದಕ್ಕೂ ಸಾಲುಗಟ್ಟಿರುತ್ತವೆ. ಸೀಳದ ಗಟ್ಟಿತನಕ್ಕಾಗಿ ಗುಂಬಕ್ಕೆ ಬಳಸುತ್ತಿದ್ದ ಜಾಲಿಯಲ್ಲಿ ರಂಧ್ರಗಳು ಚದುರಿರುತ್ತವೆ, ಅವುಗಳ ಸುತ್ತ ತಿಳಿಬಣ್ಣದ ಅಂಚು ಕಾಣುತ್ತದೆ. ಹೊನ್ನೆಗೆ ಇನ್ನೊಂದು ಪರೀಕ್ಷೆಯಿದೆ. ಅದರ ಚೇಗಿನ ಚಕ್ಕೆಯನ್ನು ಗಾಜಿನ ಲೋಟದ ನೀರಿನಲ್ಲಿ ನೆನೆಸಿ ಬಿಸಿಲಿಗೆ ಹಿಡಿದರೆ, ಹಳದಿ ಬಣ್ಣಕ್ಕೆ ತಿರುಗಿದ ನೀರಿನ ಅಂಚಿನಲ್ಲಿ ನೀಲಿ ಹೊಳಪು ಮಿನುಗುತ್ತದೆ. ಮರದೊಳಗಿನ ರಾಸಾಯನಿಕಗಳು ಸೂರ್ಯನ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುವುದೇ ಇದಕ್ಕೆ ಕಾರಣ. ಸಂಶಯ ಉಳಿದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮೈಸೂರು ಸಂಸ್ಥಾನ 1938ರಲ್ಲಿ ಆರಂಭಿಸಿದ ಅರಣ್ಯ ಸಂಶೋಧನಾ ಪ್ರಯೋಗಾಲಯವೇ ಅದರ ಮೂಲ.

ಗಾಡಿ ತಿರುಗುವ ರೀತಿಯಲ್ಲೂ ಜಾಣ್ಮೆಯಿದೆ. ಅಚ್ಚು ತಿರುಗುವುದಿಲ್ಲ, ಅದರ ಎರಡು ತುದಿಗಳಲ್ಲಿ ಚಕ್ರಗಳು ತಮ್ಮಷ್ಟಕ್ಕೆ ತಾವು ಉರುಳುತ್ತವೆ, ಕಳಚದಂತೆ ಕಡಾಣಿ ತಡೆಯುತ್ತದೆ. ಎರಡು ಚಕ್ರಗಳ ನಡುವೆ 1.5 ಮೀಟರ್ ಅಂತರವಿರುವ ಗಾಡಿ ಪೂರ್ತಿ ಹಿಂದಕ್ಕೆ ತಿರುಗಿದಾಗ ಹೊರಚಕ್ರ ಒಳಚಕ್ರಕ್ಕಿಂತ ಸುಮಾರು 4.7 ಮೀಟರ್ ಹೆಚ್ಚು ದೂರ ಹೋಗಬೇಕು. ನಾವು ಮೇಲೆ ಲೆಕ್ಕ ಹಾಕಿದ ಚಕ್ರಕ್ಕೆ ಅದು ಸರಿಯಾಗಿ ಒಂದು ಸುತ್ತು. ಇದಕ್ಕಾಗಿ ಕಾರಿನಲ್ಲಿ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆ ಬೇಕು. ಗಾಡಿಯಲ್ಲಿ ಕೀಲೆಣ್ಣೆ ಸವರಿದ ಅಚ್ಚೇ ಆ ಕೆಲಸ ಮಾಡಿತು.

ಮರದ ಗಾಡಿಯ ಗುಣ ಬಾಹ್ಯಾಕಾಶಕ್ಕೂ ನೆರವಾಗಿದೆ. 1981ರ ಜೂನ್ 19ರಂದು ಉಡಾವಣೆಯಾದ ಆ್ಯಪಲ್ ಉಪಗ್ರಹದ ಆಂಟೆನಾ ಪರೀಕ್ಷೆಗೆ ಬೆಂಗಳೂರಿನಲ್ಲಿ ಇಸ್ರೋ ಎತ್ತಿನ ಗಾಡಿಯನ್ನು ಬಳಸಿತು. ಲೋಹದ ಲಾರಿಯಾಗಿದ್ದರೆ ಅದರ ಮೈಯೇ ರೇಡಿಯೋ ಅಲೆಗಳಿಗೆ ಅಡ್ಡಿಯಾಗುತ್ತಿತ್ತು.

ಹಳೇ ಚಕ್ರ ಮನೆಯಲ್ಲಿದ್ದರೆ ಅದನ್ನು ಕಾಪಾಡುವ ಕ್ರಮ ತಿಳಿದಿರಲಿ. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದಾಗ ಪಟ್ಟಿ ಸಡಿಲವಾಗುತ್ತದೆ. ಹಿಂದೆ ರೈತರು ಚಕ್ರವನ್ನು ಕೆರೆಯಲ್ಲಿ ನೆನೆಹಾಕಿ ಬಿಗಿ ಮಾಡುತ್ತಿದ್ದರು. ದುಡಿಯುವ ಗಾಡಿಗೆ ಅದು ಸರಿ, ಉಳಿಸಬೇಕಾದ ಗಾಡಿಗೆ ಸಲ್ಲ. ಉಬ್ಬಲು ಜಾಗವಿಲ್ಲದೆ ಪಟ್ಟಿಯೊಳಗೆ ನಜ್ಜಾದ ಮರದ ಕೋಶಗಳು ಒಣಗಿದಾಗ ಮೊದಲಿಗಿಂತ ಹೆಚ್ಚು ಕುಗ್ಗುತ್ತವೆ. ಚಕ್ರವನ್ನು ನೆಲಕ್ಕೆ ತಾಗದಂತೆ ಕಲ್ಲಿನ ಮೇಲಿಡಿ. ಮಳೆ ಬಿಸಿಲಿನಿಂದ ಮರೆಮಾಡಿ, ಗೆದ್ದಲು ಹತ್ತಿದೆಯೇ ಎಂದು ಆಗಾಗ ನೋಡಿ. ಬಣ್ಣ ಬಳಿಯಬೇಡಿ, ಮರಳು ಕಾಗದದಿಂದ ಉಜ್ಜಬೇಡಿ. ಬಾಚಿಯ ಗುರುತು ಅಳಿದರೆ ಅದರ ವಯಸ್ಸು ಹೇಳುವ ಸಾಕ್ಷಿಯೂ ಅಳಿಯುತ್ತದೆ.

ಶಾಲೆಯ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಊರಿನ ಒಂದು ಹಳೇ ಗಾಡಿಯ ವ್ಯಾಸ, ಅರೆಗಳ ಸಂಖ್ಯೆ, ಪಟ್ಟಿಯ ಅಗಲ, ಬೆಸುಗೆಯ ಬಗೆಯನ್ನು ಮಕ್ಕಳಿಂದಲೇ ಅಳತೆ ಮಾಡಿಸಿ ಬರೆಸಿ, ಫೋಟೋ ತೆಗೆಸಿ. ಯಾವ ಊರಿನ ಆಚಾರಿ ಮಾಡಿದ್ದು, ಯಾವ ಮರ ತಂದಿದ್ದರು ಎಂದು ಮನೆಯ ಹಿರಿಯರನ್ನು ಕೇಳಿಸಿ. ಆ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.