ಐಸೊಟೋಪ್, ಐಸೊಬಾರ್: ಧಾತುವಿನ ಗುರುತು ಯಾವುದು?

ಪ್ರಶ್ನೆ: ಐಸೊಟೋಪ್‌ಗೂ ಐಸೊಬಾರ್‌ಗೂ ಏನು ವ್ಯತ್ಯಾಸ? ಪರಮಾಣುವಿನ ತೂಕ ಬದಲಾದರೆ ಧಾತುವೂ ಬದಲಾಗಬೇಕಲ್ಲವೇ?

ಉತ್ತರ: ಬದಲಾಗಬೇಕಿಲ್ಲ. ಧಾತು ಯಾವುದೆಂದು ನಿರ್ಧರಿಸುವುದು ತೂಕವಲ್ಲ, ಪ್ರೋಟಾನ್‌ಗಳ ಸಂಖ್ಯೆ. ಪೊಟ್ಯಾಸಿಯಂ ಅನ್ನೇ ನೋಡಿ. ಅದರಲ್ಲಿ 19 ಪ್ರೋಟಾನ್‌ಗಳು. ಹೆಚ್ಚಿನ ಪರಮಾಣುಗಳಲ್ಲಿ 20 ನ್ಯೂಟ್ರಾನ್, ಸುಮಾರು ಹತ್ತು ಸಾವಿರಕ್ಕೆ ಒಂದರಲ್ಲಿ 21. ಹೀಗೆ ಪೊಟ್ಯಾಸಿಯಂ-39 ಮತ್ತು ಪೊಟ್ಯಾಸಿಯಂ-40 ಐಸೊಟೋಪ್‌ಗಳು. ಎರಡರಲ್ಲೂ ಎಲೆಕ್ಟ್ರಾನ್ 19. ರಾಸಾಯನಿಕ ವರ್ತನೆಯೆಲ್ಲ ಎಲೆಕ್ಟ್ರಾನ್‌ಗಳದ್ದೇ ಕಾರುಬಾರಾದ್ದರಿಂದ ಬಾಳೆಗಿಡದ ಬೇರು ಎರಡನ್ನೂ ಒಂದೇ ಎಂಬಂತೆ ಹೀರಿಕೊಳ್ಳುತ್ತದೆ. ಆದರೆ ಆರ್ಗಾನ್-40, ಪೊಟ್ಯಾಸಿಯಂ-40, ಕ್ಯಾಲ್ಸಿಯಂ-40 ಐಸೊಬಾರ್‌ಗಳು: ಬೀಜಕೇಂದ್ರದ ಒಟ್ಟು ಕಣಗಳು 40, ಪ್ರೋಟಾನ್‌ಗಳು ಮಾತ್ರ 18, 19, 20. ಮೊದಲನೆಯದು ಯಾರೊಡನೆಯೂ ಸುಲಭವಾಗಿ ಬೆರೆಯದ ಅನಿಲ, ಎರಡನೆಯದು ನೀರಿಗೆ ಬಿದ್ದರೆ ಹೊತ್ತಿಕೊಳ್ಳುವ ಲೋಹ, ಮೂರನೆಯದು ನಮ್ಮ ಮೂಳೆಯಲ್ಲಿರುವ ಧಾತು.

ಹಾಗಾದರೆ ತೂಕಕ್ಕೆ ಬೆಲೆಯೇ ಇಲ್ಲವೇ ಎಂದು ಕೇಳಬಹುದು. ಹೈಡ್ರೋಜನ್ ಮಟ್ಟಿಗೆ ಈ ಆಕ್ಷೇಪದಲ್ಲಿ ಹುರುಳಿದೆ. ಅದರ ಐಸೊಟೋಪ್ ಆದ ಡ್ಯುಟೀರಿಯಂನ ತೂಕ ಮಾಮೂಲಿ ಹೈಡ್ರೋಜನ್‌ನ ಎರಡರಷ್ಟು. ಅದರಿಂದಾದ ಭಾರಜಲ 101.4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಆದರೂ ಅದು ನೀರೇ. ಬದಲಾದದ್ದು ಪ್ರಮಾಣ, ಸ್ವಭಾವವಲ್ಲ. ಇನ್ನು ಐಸೊಬಾರ್‌ಗಳಲ್ಲಿ ಸಮನಾಗಿರುವುದು ಕಣಗಳ ಎಣಿಕೆಯೇ ಹೊರತು ಕರಾರುವಾಕ್ಕಾದ ತೂಕವಲ್ಲ (ಪಠ್ಯಪುಸ್ತಕಗಳು ಇದನ್ನು ಹೇಳದೆ ಜಾರಿಕೊಳ್ಳುವುದುಂಟು). ಪೊಟ್ಯಾಸಿಯಂ-40 ಉಳಿದೆರಡಕ್ಕಿಂತ ಕೂದಲೆಳೆಯಷ್ಟು ಭಾರ. ಹಾಗಾಗಿಯೇ ಅದು ಕ್ಷಯಿಸಿ ಅವೆರಡಾಗಿ ಮಾರ್ಪಡುತ್ತದೆ; ಅರ್ಧದಷ್ಟು ಕ್ಷಯಿಸಲು ಸುಮಾರು 125 ಕೋಟಿ ವರ್ಷ ಬೇಕು. ಬೆಳಗಾವಿ, ವಿಜಯಪುರದ ಕಡೆಗೂ ಹಬ್ಬಿರುವ ದಖ್ಖನ್ ಲಾವಾ ಬಂಡೆಗಳಿಗೆ ಸುಮಾರು 6.6 ಕೋಟಿ ವರ್ಷವೆಂದು ಲೆಕ್ಕ ಹಾಕಲು ಭೂವಿಜ್ಞಾನಿಗಳು ಅಳೆದದ್ದು ಹೀಗೆ ಹುಟ್ಟಿದ ಆರ್ಗಾನನ್ನೇ.