ಕಲ್ಪಿತ ಗಗನನೌಕೆಗಳ ವಿನ್ಯಾಸ

ಕಲ್ಪಿತ ಗಗನನೌಕೆ ಎಂದರೆ ಕಾದಂಬರಿ, ಚಲನಚಿತ್ರ, ಚಿತ್ರಕಥೆ ಮೊದಲಾದ ಕಥನಗಳಲ್ಲಿ ಕಾಣಿಸಿಕೊಳ್ಳುವ, ವಾಸ್ತವದಲ್ಲಿ ನಿರ್ಮಾಣಗೊಳ್ಳದ ಹಾರುವಾಹನ. ಇಂತಹ ನೌಕೆಗಳನ್ನು ರೂಪಿಸಿದವರು ಬಹುತೇಕ ಸಂದರ್ಭಗಳಲ್ಲಿ ತಮಗಿಂತ ಹಿಂದಿನ ಕೃತಿಗಳಿಂದ, ತಮ್ಮ ಕಾಲದ ಯಂತ್ರಗಳಿಂದ ಹಾಗೂ ಪರಿಚಿತ ಕಟ್ಟಡಗಳಿಂದ ಆಕಾರಗಳನ್ನು ಎರವಲು ಪಡೆದಿದ್ದಾರೆ. ಎರವಲನ್ನು ದೋಷವೆಂದು ಭಾವಿಸಬೇಕಾಗಿಲ್ಲ. ಚಿತ್ರವೊಂದು ಯಾವ ಕಾಲದ್ದು, ಅದನ್ನು ಬರೆದವರು ಏನನ್ನು ಕಂಡಿದ್ದರು ಎಂಬುದನ್ನು ತಿಳಿಯಲು ಅದೊಂದು ಸಾಕ್ಷ್ಯವೂ ಹೌದು. ಕರ್ನಾಟಕದಲ್ಲಿ ಈ ಬಗೆಯ ಸಾಕ್ಷ್ಯವು ನಿರ್ಣಾಯಕವಾದ ಪ್ರಸಂಗವೊಂದಿದೆ. 1923ರಲ್ಲಿ ಬೆಂಗಳೂರಿನಲ್ಲಿ ರಚನೆಯಾದ ‘ವೈಮಾನಿಕ ಶಾಸ್ತ್ರ’ದ ವಿಮಾನಚಿತ್ರಗಳು ಪ್ರಾಚೀನ ತಂತ್ರಜ್ಞಾನದ ದಾಖಲೆಗಳೆಂದು ಇಂದಿಗೂ ಪ್ರಚಾರದಲ್ಲಿವೆ.

ಫಿರಂಗಿಯ ಗುಂಡಿನಿಂದ ರಾಕೆಟ್ಟಿನವರೆಗೆ

ಫ್ರೆಂಚ್ ಲೇಖಕ ಜೂಲ್ಸ್ ವರ್ನ್ 1865ರಲ್ಲಿ ಪ್ರಕಟಿಸಿದ ಚಂದ್ರಯಾನದ ಕಾದಂಬರಿಯಲ್ಲಿ ಪ್ರಯಾಣಿಕರು ಏರುವುದು ಟೊಳ್ಳಾದ ಒಂದು ಫಿರಂಗಿ ಗುಂಡನ್ನು. ಅಮೆರಿಕದ ಅಂತರ್ಯುದ್ಧ ಮುಗಿದ ವರ್ಷವದು. ಕಥೆಯ ಪಾತ್ರಗಳೂ ಯುದ್ಧ ನಿಂತು ಕೆಲಸವಿಲ್ಲದಂತಾದ ಫಿರಂಗಿ ತಜ್ಞರೇ ಆಗಿದ್ದುದರಿಂದ ನೌಕೆ ಆ ಆಕಾರ ತಾಳಿದ್ದು ಸಹಜ. 1902ರಲ್ಲಿ ಜಾರ್ಜ್ ಮೆಲಿಯೆಸ್ ತನ್ನ ಚಂದ್ರಯಾನದ ಮೂಕಿಚಿತ್ರಕ್ಕೆ ಗುಂಡನ್ನೂ ಫಿರಂಗಿಯನ್ನೂ ವರ್ನ್‌ನಿಂದ ಪಡೆದನು. ಚಂದ್ರನ ನಿವಾಸಿಗಳನ್ನು 1901ರಲ್ಲಿ ಹೊರಬಂದಿದ್ದ ಎಚ್. ಜಿ. ವೆಲ್ಸ್‌ನ ಕಾದಂಬರಿಯಿಂದ ಪಡೆದನು.

ಮುಂದಿನ ಘಟ್ಟದಲ್ಲಿ ಎರವಲು ಎರಡೂ ದಿಕ್ಕಿಗೆ ಹರಿಯಿತು. ಫ್ರಿಟ್ಜ್ ಲಾಂಗ್ 1929ರಲ್ಲಿ ತಯಾರಿಸಿದ ‘ಫ್ರಾವ್ ಇಮ್ ಮೋಂಡ್’ (ಚಂದ್ರನಲ್ಲಿ ಮಹಿಳೆ) ಎಂಬ ಜರ್ಮನ್ ಚಿತ್ರಕ್ಕೆ ರಾಕೆಟ್ ವಿಜ್ಞಾನಿ ಹರ್ಮನ್ ಓಬರ್ತ್ ಸಲಹೆಗಾರನಾಗಿದ್ದನು. 1942ರ ಅಕ್ಟೋಬರ್ 3ರಂದು ಯಶಸ್ವಿಯಾಗಿ ಹಾರಿದ ಮೊದಲ ವಿ-2 ರಾಕೆಟ್ಟಿನ ಬುಡದಲ್ಲಿ ಇದೇ ಚಲನಚಿತ್ರದ ಲಾಂಛನವನ್ನು ಬರೆಯಲಾಗಿತ್ತು. ಯುದ್ಧಾನಂತರ ವಿ-2ರ ಆಕಾರ, ಅಂದರೆ ಮೊನಚಾದ ಮೂತಿ, ಉಬ್ಬಿದ ನಡು ಮತ್ತು ಬುಡದಲ್ಲಿ ರೆಕ್ಕೆಗಳಿರುವ ದೇಹ, ಮತ್ತೆ ಕಥೆಗಳಿಗೆ ಮರಳಿತು. ಬೆಲ್ಜಿಯಮ್ಮಿನ ಎರ್ಜೆ ರಚಿಸಿದ ಟಿನ್‌ಟಿನ್ ಚಿತ್ರಕಥೆಯ ಕೆಂಪು ಬಿಳಿ ಚೌಕಳಿಯ ರಾಕೆಟ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಹಾರುವಾಗ ರಾಕೆಟ್ ತನ್ನ ಸುತ್ತ ತಿರುಗುವುದನ್ನು ನೆಲದಿಂದ ಗುರುತಿಸಲು ಪರೀಕ್ಷಾರ್ಥ ವಿ-2ಗಳ ಮೇಲೆ ಕಪ್ಪು ಬಿಳಿ ಚೌಕಗಳನ್ನು ಬಳಿಯುತ್ತಿದ್ದರು. ಚಿತ್ರಕಥೆಯಲ್ಲಿ ಆ ಉದ್ದೇಶ ಮರೆಯಾಗಿ ಅಲಂಕಾರ ಮಾತ್ರ ಉಳಿಯಿತು. ಪ್ರಯೋಜನ ಕಳೆದುಕೊಂಡ ಮೇಲೂ ಉಳಿದುಕೊಳ್ಳುವ ಇಂತಹ ಗುರುತುಗಳೇ ಎರವಲನ್ನು ಪತ್ತೆಮಾಡಲು ಹೆಚ್ಚು ನೆರವಾಗುತ್ತವೆ.

ತಟ್ಟೆಯಾಕಾರದ ನೌಕೆಗಳ ಮೂಲ ಒಂದು ಪತ್ರಿಕಾ ವರದಿ. 1947ರ ಜೂನ್ 24ರಂದು ಅಮೆರಿಕದ ವಿಮಾನ ಚಾಲಕ ಕೆನೆತ್ ಆರ್ನಾಲ್ಡ್ ತಾನು ಕಂಡ ವಸ್ತುಗಳು ನೀರಿನ ಮೇಲೆ ಎಸೆದ ತಟ್ಟೆ ಪುಟಿಯುವಂತೆ ಚಲಿಸಿದವೆಂದು ಹೇಳಿದನು. ಅವನು ಹೋಲಿಸಿದ್ದು ಚಲನೆಯನ್ನು. ಪತ್ರಿಕೆಗಳು ಅದನ್ನು ಆಕಾರವೆಂದು ಗ್ರಹಿಸಿ ‘ಹಾರುವ ತಟ್ಟೆ’ ಎಂಬ ಹೆಸರನ್ನು ಹಬ್ಬಿಸಿದವು. 1956ರ ‘ಫರ್ಬಿಡನ್ ಪ್ಲಾನೆಟ್’ ಚಿತ್ರದಲ್ಲಿ ಮನುಷ್ಯರೇ ತಟ್ಟೆಯಾಕಾರದ ನೌಕೆಯಲ್ಲಿ ಪ್ರಯಾಣಿಸುತ್ತಾರೆ. 1966ರಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ ಸರಣಿಗಾಗಿ ಮ್ಯಾಟ್ ಜೆಫ್ರೀಸ್ ರೂಪಿಸಿದ ಎಂಟರ್‌ಪ್ರೈಸ್ ನೌಕೆಯ ಮುಂಭಾಗವೂ ಒಂದು ತಟ್ಟೆಯೇ.

ನೋಡುಗರ ಅಭ್ಯಾಸವನ್ನು ಮೀರುವುದು ವಿನ್ಯಾಸಕಾರರಿಗೆ ಸುಲಭವಲ್ಲ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ಡಿಸ್ಕವರಿ ನೌಕೆಗೆ ಮೊದಲು ಶಾಖವನ್ನು ಹೊರಸೂಸುವ ಅಗಲವಾದ ಫಲಕಗಳನ್ನು ಯೋಜಿಸಲಾಗಿತ್ತು. ಪ್ರೇಕ್ಷಕರು ಅವುಗಳನ್ನು ವಿಮಾನದ ರೆಕ್ಕೆಗಳೆಂದು ಭಾವಿಸುವರೆಂಬ ಕಾರಣದಿಂದ ಅವನ್ನು ಕೈಬಿಡಲಾಯಿತು. ವೈಜ್ಞಾನಿಕವಾಗಿ ಸರಿಯಾಗಿದ್ದ ಅಂಶವೇ ತೆರೆಯಿಂದ ಹೊರಗುಳಿಯಿತು. ಹೋಲಿಕೆಯ ಭಯ ಬೇರೆ ರೀತಿಯಲ್ಲಿಯೂ ಕೆಲಸ ಮಾಡಿದೆ. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಮಿಲೇನಿಯಮ್ ಫಾಲ್ಕನ್ ನೌಕೆಯ ಮೊದಲ ಮಾದರಿಯು 1975ರ ‘ಸ್ಪೇಸ್: 1999’ ಸರಣಿಯ ಈಗಲ್ ನೌಕೆಯನ್ನು ಹೋಲುತ್ತಿದ್ದುದರಿಂದ ಅದನ್ನು ಮತ್ತೊಂದು ನೌಕೆಗೆ ಬಳಸಿ, ಫಾಲ್ಕನ್ನಿಗೆ ಹೊಸ ರೂಪವನ್ನು ಕೊಡಲಾಯಿತು.

‘ವಿಮಾನ’ ಎಂಬ ಪದ

ಕನ್ನಡ ಓದುಗರ ಮಟ್ಟಿಗೆ ಎರವಲಿನ ಪ್ರಶ್ನೆ ಪದದಿಂದಲೇ ಪ್ರಾರಂಭವಾಗುತ್ತದೆ. ಸಂಸ್ಕೃತದ ‘ವಿಮಾನ’ ಶಬ್ದದಲ್ಲಿರುವುದು ಅಳತೆಯನ್ನು ಸೂಚಿಸುವ ‘ಮಾ’ ಧಾತು. ವಾಸ್ತುಶಾಸ್ತ್ರದಲ್ಲಿ ಗರ್ಭಗುಡಿ ಮತ್ತು ಅದರ ಮೇಲೇರುವ ಶಿಖರ ಸೇರಿದ ಕಟ್ಟಡವೇ ವಿಮಾನ. ತರೀಕೆರೆ ತಾಲೂಕಿನ ಅಮೃತಾಪುರದಲ್ಲಿ 1196ರಲ್ಲಿ ನಿರ್ಮಾಣವಾದ ಹೊಯ್ಸಳರ ಅಮೃತೇಶ್ವರ ದೇವಾಲಯದಲ್ಲಿ, ಅಂತಸ್ತಿನ ಮೇಲೆ ಅಂತಸ್ತಾಗಿ ಕಿರಿದಾಗುತ್ತ ಹೋಗುವ ಇಂತಹ ವಿಮಾನವನ್ನು ಕಾಣಬಹುದು. (ಚನ್ನಗಿರಿ ತಾಲೂಕಿನ ಉಬ್ರಾಣಿಯ ಜನರಿಗೆ ಈ ಊರಿನ ಹೆಸರು ದೇವಾಲಯಕ್ಕಿಂತ ಉಬ್ರಾಣಿ–ಅಮೃತಾಪುರ ಏತ ನೀರಾವರಿ ಯೋಜನೆಯಿಂದ ಹೆಚ್ಚು ಪರಿಚಿತವಾಗಿರಬಹುದು.)

ಕಾವ್ಯದ ವಿಮಾನವೂ ಮೂಲತಃ ಮನೆಯೇ. ವಾಲ್ಮೀಕಿ ರಾಮಾಯಣದ ಪುಷ್ಪಕವು ಯಂತ್ರಕ್ಕಿಂತ ಹೆಚ್ಚಾಗಿ ಚಲಿಸುವ ಅರಮನೆಯಂತೆ ವರ್ಣಿತವಾಗಿದೆ. ಜೈನ ಪರಂಪರೆಯಲ್ಲಿ ದೇವತೆಗಳ ನಿವಾಸಗಳಿಗೂ ವಿಮಾನವೆಂದೇ ಹೆಸರು. ಅಭಿನವ ಪಂಪನೆಂದು ಖ್ಯಾತನಾದ ನಾಗಚಂದ್ರನ ‘ರಾಮಚಂದ್ರ ಚರಿತ ಪುರಾಣ’ವು ಇದೇ ಜೈನ ಸಂಪ್ರದಾಯಕ್ಕೆ ಸೇರಿದ್ದು, ಅದರಲ್ಲಿ ರಾವಣನು ಆಕಾಶದಲ್ಲಿ ಸಂಚರಿಸಬಲ್ಲ ವಿದ್ಯಾಧರರ ಕುಲದವನು. ಗುಡಿ ಮತ್ತು ವಾಹನ ಒಂದರೊಳಗೊಂದು ಬೆರೆಯುವುದಕ್ಕೆ ಕಣ್ಣೆದುರಿನ ನಿದರ್ಶನ ಹಂಪಿಯ ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥ. ಅದು ರಥದ ಆಕಾರದಲ್ಲಿರುವ ಗರುಡನ ಗುಡಿ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರವೂ ಕಾಣುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಎಂಜಿನ್ನುಳ್ಳ ಹಾರುಯಂತ್ರ ಬಂದಾಗ ಕನ್ನಡವೂ ಇತರ ಭಾರತೀಯ ಭಾಷೆಗಳೂ ಈ ಹಳೆಯ ಪದವನ್ನೇ ಅದಕ್ಕೆ ಕೊಟ್ಟವು. ಇದರ ಪರಿಣಾಮ ಹಿಮ್ಮುಖವಾಗಿಯೂ ಆಯಿತು: ಇಂದಿನ ಓದುಗನು ಹಳೆಯ ಕಾವ್ಯದಲ್ಲಿ ‘ವಿಮಾನ’ ಎಂಬುದನ್ನು ಕಂಡಾಗ ಅವನ ಮನಸ್ಸಿನಲ್ಲಿ ಮೂಡುವುದು ನಿಲ್ದಾಣದಲ್ಲಿ ಕಂಡ ಯಂತ್ರದ ಚಿತ್ರ. ಪದ ಪ್ರಾಚೀನವಾದುದರಿಂದ ಯಂತ್ರವೂ ಪ್ರಾಚೀನವೆಂಬ ತಪ್ಪು ತಿಳಿವಳಿಕೆಗೆ ದಾರಿಯಾಗಿರುವುದು ಮುಖ್ಯವಾಗಿ ಇದೇ.

ವೈಮಾನಿಕ ಶಾಸ್ತ್ರದ ಚಿತ್ರಗಳು

‘ವೈಮಾನಿಕ ಶಾಸ್ತ್ರ’ವು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಬಾಯಲ್ಲಿ ಹೇಳಿ ಬರೆಸಿದ ಸಂಸ್ಕೃತ ಪದ್ಯಗ್ರಂಥ. ಜಿ. ವೆಂಕಟಾಚಲ ಶರ್ಮರು ಅದನ್ನು ಬರೆದುಕೊಂಡರು. ಗ್ರಂಥವು ಭರದ್ವಾಜ ಮಹರ್ಷಿಯಿಂದ ಅಂತರ್ದೃಷ್ಟಿಯ ಮೂಲಕ ಲಭಿಸಿತೆಂಬುದು ಶಾಸ್ತ್ರಿಗಳ ಹೇಳಿಕೆಯಾಗಿತ್ತು. ಮೈಸೂರಿನಲ್ಲಿ ಸಂಸ್ಕೃತ ಸಂಶೋಧನ ಸಂಸ್ಥೆಯೊಂದನ್ನು ಸ್ಥಾಪಿಸಿದ್ದ ಜಿ. ಆರ್. ಜೋಸ್ಯರ್ 1952ರಲ್ಲಿ ಇದರ ಅಸ್ತಿತ್ವವನ್ನು ಪ್ರಕಟಪಡಿಸಿದರು. 1959ರಲ್ಲಿ ಹಿಂದಿ ಆವೃತ್ತಿ, 1973ರಲ್ಲಿ ಜೋಸ್ಯರ್ ಅವರ ಇಂಗ್ಲಿಷ್ ಅನುವಾದ ಹೊರಬಂದವು. ಇಂಗ್ಲಿಷ್ ಪುಸ್ತಕದಲ್ಲಿ ಮುದ್ರಿತವಾದ ಚಿತ್ರಗಳೇ ಮುಂದೆ ಲೋಕಪ್ರಸಿದ್ಧವಾದವು.

ಈ ಚಿತ್ರಗಳ ಕರ್ತೃ ಟಿ. ಕೆ. ಎಲ್ಲಪ್ಪ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಕ್ಷೆಗಾರರಾಗಿದ್ದ ಅವರು ಶಾಸ್ತ್ರಿಗಳ ಸೂಚನೆಯಂತೆ 1923ರಲ್ಲಿ ಇವನ್ನು ರಚಿಸಿದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ನಕ್ಷೆಗಳಿವೆ. ಅವುಗಳಲ್ಲಿ ಎರವಲುಗಳು ಪದರ ಪದರವಾಗಿ ಕಾಣುತ್ತವೆ. ರುಕ್ಮ ವಿಮಾನವು ಅಗಲವಾದ ಬುಡದಿಂದ ಮೇಲೆ ಮೇಲೆ ಕಿರಿದಾಗುವ ಅಂತಸ್ತುಗಳ ರಚನೆ. ದೇವಾಲಯದ ಶಿಖರವನ್ನು ಬಲ್ಲ ಯಾರೂ ಅದರ ಮೂಲವನ್ನು ಗುರುತಿಸದಿರಲಾರರು. ಶಕುನ ವಿಮಾನವು ಹೆಸರಿಗೆ ತಕ್ಕಂತೆ ರೆಕ್ಕೆ ಬಾಲಗಳಿರುವ ಹಕ್ಕಿ. ಕಾವ್ಯದ ಅರಮನೆ ಮತ್ತು ಪುರಾಣದ ಪಕ್ಷಿವಾಹನ ಎರಡೂ ಇಲ್ಲಿ ಬಂದಿವೆ. ಆದರೆ ಇವುಗಳ ಒಳಗೆ ಜೋಡಿಸಿರುವುದು ಆ ಕಾಲದ ಯಂತ್ರಶಾಲೆಯ ಸಾಮಗ್ರಿ. ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿಸಿತ್ತು. ವಿಮಾನಗಳು ಭಾರತದಲ್ಲಿ 1910ರ ಡಿಸೆಂಬರಿನಿಂದಲೇ ಹಾರತೊಡಗಿದ್ದವು. ಹೊರಗೆ ಗುಡಿಯ ಶಿಖರ, ಒಳಗೆ ಫ್ಯಾನು ಮತ್ತು ಕೊಳವೆ: 1923ರ ಬೆಂಗಳೂರಿನ ನಕ್ಷೆಗಾರನೊಬ್ಬನ ಕಣ್ಣಿಗೆ ಪರಿಚಿತವಾಗಿದ್ದ ಎರಡು ಲೋಕಗಳು ಒಂದೇ ಹಾಳೆಯಲ್ಲಿ ಕೂಡಿವೆ.

1974ರ ಅಧ್ಯಯನ

ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್. ಪಿ. ಗೋವಿಂದರಾಜು ಗ್ರಂಥವನ್ನು ಪರಿಶೀಲಿಸಿ 1974ರಲ್ಲಿ ತಮ್ಮ ವಿಮರ್ಶೆಯನ್ನು ಪ್ರಕಟಿಸಿದರು. ಅವರು ನಂಬಿಕೆಯ ಚರ್ಚೆಗೆ ಇಳಿಯದೆ ಭಾಷೆ, ಹಸ್ತಪ್ರತಿಯ ಇತಿಹಾಸ, ಚಿತ್ರಗಳು, ಹಾರಾಟದ ತತ್ತ್ವ ಎಂಬ ನಾಲ್ಕು ಕಡೆಯಿಂದ ವಿಷಯವನ್ನು ನೋಡಿದರು. ಗ್ರಂಥದ ಸಂಸ್ಕೃತ ವೈದಿಕ ಭಾಷೆಯಲ್ಲ. ರಚನೆ 1904ಕ್ಕಿಂತ ಹಿಂದಿನದಾಗಿರಲಾರದು ಎಂಬ ತೀರ್ಮಾನಕ್ಕೆ ಬಂದರು. ಚಿತ್ರಗಳು ಆಧುನಿಕ ಯಂತ್ರಗಳ ಪರಿಚಯವನ್ನು ತೋರಿಸುತ್ತವೆ. ಎಲ್ಲಪ್ಪನವರ ವೃತ್ತಿಯೇ ಇದಕ್ಕೆ ಸಾಕಷ್ಟು ವಿವರಣೆ ಎಂದರು. ಪಠ್ಯಕ್ಕೂ ಚಿತ್ರಕ್ಕೂ ಹೊಂದಾಣಿಕೆ ಇಲ್ಲವೆಂಬುದನ್ನೂ ಗಮನಿಸಿದರು.

ಹಾರಾಟದ ದೃಷ್ಟಿಯಿಂದ ತೀರ್ಪು ಇನ್ನೂ ಕಠಿಣವಾಗಿತ್ತು. ನಾಲ್ಕರಲ್ಲಿ ಯಾವುದೂ ಹಾರಲು ತಕ್ಕುದಲ್ಲ. ನಾಲ್ಕರಲ್ಲಿ ಸ್ವಲ್ಪಮಟ್ಟಿಗೆ ಅರ್ಥವಿರುವುದು ರುಕ್ಮಕ್ಕೆ ಮಾತ್ರ: ನೆಟ್ಟಗಿನ ಕೊಳವೆಗಳ ತುದಿಯಲ್ಲಿರುವ ಫ್ಯಾನುಗಳು ಮೇಲಿನ ಗಾಳಿಯನ್ನು ಸೆಳೆದು ಕೆಳಕ್ಕೆ ತಳ್ಳಿದರೆ ಮೇಲೇರುವ ಬಲ ಹುಟ್ಟುತ್ತದೆ. ತತ್ತ್ವ ಸರಿ, ಆದರೆ ತತ್ತ್ವವೊಂದರಿಂದಲೇ ಶಿಖರದಷ್ಟು ಭಾರದ ರಚನೆ ಮೇಲೇಳುವುದಿಲ್ಲ. ಗುಡಿಯ ಆಕಾರ ನಿಂತಿರುವುದಕ್ಕಾಗಿ ರೂಪುಗೊಂಡದ್ದು. ಗಾಳಿಯನ್ನು ಸೀಳಿ ಮುನ್ನಡೆಯಬೇಕಾದ ದೇಹಕ್ಕೆ ಅಂತಸ್ತುಗಳೂ ಮೂಲೆಗಳೂ ತಡೆಯನ್ನೇ ಒಡ್ಡುತ್ತವೆ.

ಅಧ್ಯಯನದ ವಿಧಾನವು ಮೇಲೆ ಹೇಳಿದ ಕಲ್ಪಿತ ನೌಕೆಗಳಿಗೂ ಅನ್ವಯಿಸುವಂಥದು. ಫಿರಂಗಿ ಗುಂಡನ್ನು ಕಂಡು ವರ್ನ್‌ನ ಕಾಲವನ್ನೂ ಚೌಕಳಿಯನ್ನು ಕಂಡು ಎರ್ಜೆಯ ಕಾಲವನ್ನೂ ಊಹಿಸಬಹುದಾದಂತೆ, ಫ್ಯಾನು ಕೊಳವೆಗಳನ್ನು ಕಂಡು ಎಲ್ಲಪ್ಪನವರ ಕಾಲವನ್ನು ಹೇಳಬಹುದು. ವ್ಯತ್ಯಾಸವಿರುವುದು ಓದುವ ರೀತಿಯಲ್ಲಿ. ವರ್ನ್‌ನ ಗುಂಡನ್ನು ಯಾರೂ ಚರಿತ್ರೆಯೆಂದು ವಾದಿಸಲಿಲ್ಲ. ಎಲ್ಲಪ್ಪನವರ ಚಿತ್ರಗಳನ್ನು ಸಾವಿರಾರು ವರ್ಷ ಹಿಂದಕ್ಕೆ ಒಯ್ದಾಗ, ಸ್ವಂತ ಕಲ್ಪನೆಯಿದ್ದ ಒಬ್ಬ ನಕ್ಷೆಗಾರನಿಗೆ ಸಲ್ಲಬೇಕಾದ ಮನ್ನಣೆಯೂ ತಪ್ಪಿತು. ಗುಡಿಯನ್ನು ಯಂತ್ರವಾಗಿಸುವ ಅವರ ಯತ್ನ ಭಾರತೀಯ ವಿಜ್ಞಾನ ಕಥೆಯ ಚಿತ್ರಪರಂಪರೆಯ ಮೊದಲ ಪುಟಗಳಲ್ಲಿ ಸ್ಥಾನ ಪಡೆಯಲು ಅರ್ಹವಾದುದು.

ನಂತರದ ಸಂಚಾರ

ಇಂಗ್ಲಿಷ್ ಅನುವಾದದ ಬಳಿಕ ಚಿತ್ರಗಳು ಅನ್ಯಗ್ರಹವಾಸಿಗಳು ಪ್ರಾಚೀನ ಕಾಲದಲ್ಲಿ ಭೂಮಿಗೆ ಬಂದಿದ್ದರೆಂದು ವಾದಿಸುವ ಜನಪ್ರಿಯ ಪುಸ್ತಕಗಳಲ್ಲಿ ಮರುಮುದ್ರಣಗೊಂಡವು. ಅಲ್ಲಿ ಎಲ್ಲಪ್ಪನವರ ಹೆಸರಾಗಲಿ 1923 ಎಂಬ ವರ್ಷವಾಗಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಪದವಂತೂ ಇನ್ನೂ ದೂರ ಹೋಗಿದೆ: 2011ರಲ್ಲಿ ಪ್ರಸಾರವಾದ ಜಪಾನಿನ ‘ಫೇಟ್/ಝೀರೋ’ ಅನಿಮೇಷನ್ ಸರಣಿಯಲ್ಲಿ ಸುಮೇರಿನ ವೀರ ಗಿಲ್ಗಮೆಶ್ ಏರುವ ಹಾರುನೌಕೆಯ ಹೆಸರು ‘ವಿಮಾನ’.

2015ರ ಜನವರಿಯಲ್ಲಿ ಮುಂಬಯಿಯಲ್ಲಿ ನಡೆದ 102ನೆಯ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ಭಾರತದ ವೈಮಾನಿಕ ತಂತ್ರಜ್ಞಾನದ ಬಗ್ಗೆ ಪ್ರಬಂಧವೊಂದು ಮಂಡನೆಯಾಗಿ, ‘ವೈಮಾನಿಕ ಶಾಸ್ತ್ರ’ ಮತ್ತೆ ಚರ್ಚೆಗೆ ಬಂತು. ವಿಜ್ಞಾನಿಗಳು ಆಕ್ಷೇಪ ಎತ್ತಿದಾಗ ಮುಖ್ಯವಾಗಿ ಉಲ್ಲೇಖಿಸಿದ್ದು ನಾಲ್ಕು ದಶಕಗಳ ಹಿಂದೆ ಬೆಂಗಳೂರಿನಲ್ಲಿಯೇ ಬರೆಯಲಾಗಿದ್ದ 1974ರ ಆ ವಿಮರ್ಶೆಯನ್ನು.